ದರ್ಜಿ ದಂಪತಿಯ ಪ್ರಾರ್ಥನೆ

ಪೂಜ್ಯ ಪಾದ್ರಿಗಳೇ,

ಜಗಳಗಂಟರೆಂಬ ದೂರು ನಂಬಿ, ಮದುವೆಯಾಗುವವರಿಗೆ ಪಾಠ ಹೇಳುತ್ತಿದ್ದ ದರ್ಜಿ ದಂಪತಿಯನ್ನು ನೀವು ಆ ಕೆಲಸದಿಂದ ಬಿಡಿಸಿದ್ದು ಅನ್ಯಾಯ. ನಿಮ್ಮ ಹಿಂದಿನ ಮೂವರು ಪಾದ್ರಿಗಳು ಹಾಗೆ ಮಾಡಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಆ ದಂಪತಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಜಗಳ ನಿಜ. ಆದರೆ ಆಯಾ ದಿನ ತಪ್ಪು ಮಾಡಿದವರೇ ಊಟದ ಪ್ರಾರ್ಥನೆ ಹೇಳಬೇಕೆಂಬುದು ಆ ಮನೆಯ ಕಟ್ಟಳೆ. ಮೊನ್ನೆ ಇಬ್ಬರೂ ಒಟ್ಟಿಗೇ ಪ್ರಾರ್ಥನೆ ಶುರುಮಾಡಿದರು.

"ಇವತ್ತು ತಪ್ಪು ನಂದು ಕಣೇ, ಸುಮ್ನಿರು!"

"ಅಯ್ಯೋ, ಇದಕ್ಕೂ ಜಗಳಾನಾ ನಿಮ್ದು?"

ಇಬ್ಬರೂ ನಕ್ಕರು. ಗೋಡೆಯ ಈಚೆ, ಎಂದೂ ಜಗಳವಾಡದ ನಾವಿಬ್ಬರು ಮಾತಿಲ್ಲದೆ ಊಟಕ್ಕೆ ಕೂತಿದ್ದೆವು. ಕೊನೆಗೆ, "ಪ್ರಾರ್ಥನೆ ನಾನು ಹೇಳಲಾ?" ಎಂದೆ.

"ಹೇಳಿ. ಎಲ್ಲಾ ತಪ್ಪೂ ಇವತ್ತೇ ಬೇಡ, ಊಟ ಆರೋಗುತ್ತೆ," ಎಂದಳು ನನ್ನ ಹೆಂಡತಿ.

ಪಾಠವನ್ನು ಮತ್ತೆ ಅವರಿಗೇ ಒಪ್ಪಿಸಿ. ಅಲ್ಲಿ ಮೊದಲ ಸಾಲಿನಲ್ಲಿ ನಮಗೂ ಎರಡು ಕುರ್ಚಿ ಹಾಕಿಸಿ.

ಇಂತಿ,
ನಿಮ್ಮ ಸಭೆಯ ನಿವೃತ್ತ ಗ್ರಂಥಪಾಲಕ