ಅಮ್ಮಣ್ಣಿಯ ಖಾನೆ

ನಜರ್‌ಬಾದ್, ಮೈಸೂರು
ಜನವರಿ ೨೦, ಸೋಮವಾರ. ಇನ್ನೂ ಬೆಳಕಾಗಿಲ್ಲ.

ಪ್ರೀತಿಯ ನಿರಂಜಣ್ಣನಿಗೆ,

ಎರಡೂವರೆಗೆ ಎಚ್ಚರವಾಯಿತು. ಸಿಂಚನ ಅತ್ತದ್ದಲ್ಲ. ಅವಳ ಅಳುವಾಗಿದ್ದರೆ ಗಾಬರಿಯಾಗುತ್ತಿರಲಿಲ್ಲ, ಐದು ತಿಂಗಳಿಂದ ಅದೇ ನನ್ನ ಗಡಿಯಾರ. ಇದು ತಾರಸಿಯ ಮೇಲಿನ ಸದ್ದು. ತಂತಿಗೆ ತಂತಿ ತಾಗಿದಂತೆ ಟಿಣ್ ಎಂದಿತು, ಸುಮ್ಮನಾಯಿತು.

ಆ ಸದ್ದು ನಿನಗೂ ಗೊತ್ತು. ಪಾರಿವಾಳದ ಗೂಡಿಗೆ ಇಳಿಬಿಟ್ಟ ತಂತಿಗಳ ಬಾಗಿಲು ಅದು. ಹೊರಗಿನಿಂದ ಬಂದ ಹಕ್ಕಿ ತಲೆಯಿಂದ ತಳ್ಳಿದರೆ ಒಳಗೆ ಬಿಡುತ್ತದೆ, ಹಿಂದೆ ಮುಚ್ಚಿಕೊಳ್ಳುತ್ತದೆ, ಹೊರಗೆ ಮಾತ್ರ ಬಿಡುವುದಿಲ್ಲ. ಹಕ್ಕಿ ಮನೆಗೆ ಬಂದಾಗಲ್ಲದೆ ಅದು ಸದ್ದು ಮಾಡುವುದೇ ಇಲ್ಲ. ನಮ್ಮ ಹಕ್ಕಿಗಳೆಲ್ಲ ಸಂಜೆಯೇ ಒಳಗೆ ಸೇರಿದ್ದವು. ಇವರೇ ಎಣಿಸಿ ಕೆಳಗಿಳಿದಿದ್ದರು.

ಬೆಕ್ಕಿರಬಹುದು ಎಂದು ಹೆದರಿದೆ. ಸಿಂಚನಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿಕೊಂಡೆ. ಈಗ ಅದೊಂದು ಚಾಳಿಯಾಗಿದೆ, ನಗಬೇಡ. ಇವರು ಗೊರಕೆ ಹೊಡೆಯುತ್ತಿದ್ದರು. ಫೋನಿನ ಬೆಳಕು ಹಿಡಿದು ಮೆಟ್ಟಿಲು ಹತ್ತಿದೆ. ಬೆಟ್ಟದ ದೀಪಗಳು ಮಂಜಿನಲ್ಲಿ ಕದಡಿಹೋಗಿದ್ದವು, ಅರ್ಧ ಚಂದ್ರ ಮೇಲೆ ಬಂದಿತ್ತು.

ಅಣ್ಣಾ, ಎಡಗಡೆ ಮೂಲೆಯ ಖಾನೆಯಲ್ಲಿ ಅಮ್ಮಣ್ಣಿ ಕೂತಿದ್ದಳು.

ಬೇರೆ ಹಕ್ಕಿ ಇರಬಹುದು ಎನ್ನಬೇಡ. ಕತ್ತಿನ ಬಿಳಿ ಮಚ್ಚೆ ಅದೇ, ಬಲಗಾಲಿನ ಮುರಿದ ಉಗುರು ಅದೇ, ಮರಿಯಾಗಿದ್ದಾಗ ಇವರು ತೊಡಿಸಿದ ಉಂಗುರವೂ ಅದೇ. ನೀನು ಕತ್ತರಿಸಿದ ರೆಕ್ಕೆಯಲ್ಲಿ ಮಾತ್ರ ಎಲ್ಲ ಗರಿಗಳೂ ಹೊಸದಾಗಿ ಬೆಳೆದಿವೆ. ಇಪ್ಪತ್ತು ಖಾನೆಗಳ ಗೂಡಿನಲ್ಲಿ, ಕತ್ತಲಲ್ಲಿ, ಎರಡು ವರ್ಷದ ಮೇಲೆ ಬಂದ ಹಕ್ಕಿ ಒಂದು ಖಾನೆಯನ್ನೂ ತಪ್ಪದೆ ನೇರ ತನ್ನದಕ್ಕೇ ಹೋಗಿ ಕೂತಿದೆ. ನಾನು ಅಲ್ಲೇ ತಣ್ಣನೆಯ ನೆಲದ ಮೇಲೆ ಕೂತುಬಿಟ್ಟೆ. ದೇವಸ್ಥಾನದಲ್ಲಿ ಗರ್ಭಗುಡಿಯ ಪರದೆ ಸರಿದಾಗ ಆಗುತ್ತದಲ್ಲ, ಹಾಗೆ ಮೈಯೆಲ್ಲ ಜುಮ್ಮೆಂದಿತು.

ಆ ಖಾನೆಯನ್ನು ಇವರು ಬೇರೆ ಯಾವ ಹಕ್ಕಿಗೂ ಕೊಟ್ಟಿಲ್ಲ. ಹೊಸ ಜೋಡಿಗಳು ಬಂದಾಗ ಉದಯಗಿರಿಯಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯ್‌ಕುಮಾರ್, ಹಕ್ಕಿ ಹಾರಿಸುವುದರಲ್ಲಿ ಇವರ ಜೊತೆಗಾರರು, ಖಾಲಿ ಇಟ್ಕೊಂಡು ಏನು ಪೂಜೆ ಮಾಡ್ತೀಯೇನೋ ಎಂದು ರೇಗಿಸುತ್ತಿದ್ದರು. ಇವರು ಆ ಖಾನೆಯನ್ನೂ ಗುಡಿಸಿ ಹೊಸ ಹುಲ್ಲು ಹಾಕುತ್ತಿದ್ದರು. ರಾತ್ರಿ ತಂತಿ ಬಾಗಿಲಿಗೆ ಹಲಗೆ ಅಡ್ಡ ಇಡುವುದನ್ನೂ ನಿಲ್ಲಿಸಿದ್ದಾರೆ. ಅತ್ತೆ ಬೈದರು, ಬೆಕ್ಕು ನುಗ್ಗಿದ್ರೆ ಇರೋವೂ ಹೋಗ್ತವೆ ಕಣೋ ಎಂದರು. ಇವರು, ಒಂದೇ ಒಂದು ಬರೋದು ಬಾಕಿ ಐತೆ ಕಣಮ್ಮ, ಎಂದರು. ನಾನು ಆವಾಗ ಇದೆಂಥ ಹುಚ್ಚು ಎಂದುಕೊಂಡಿದ್ದೆ.

ನಮ್ಮ ಮದುವೆಯ ಊಟದ ಪಂಕ್ತಿಯಲ್ಲೇ ನೀವಿಬ್ಬರೂ ಶುರು ಮಾಡಿದ್ದಿರಿ, ನೆನಪಿದೆಯಾ? ನೀನು ಹೇಳಿದೆ, ಭಾವ, ನಿಮ್ಮರಮನೆ ದೀಪ ನೋಡೋಕೆ ಭಾನುವಾರದವರೆಗೂ ಕಾಯ್ಬೇಕು, ನಮ್ಮೂರಲ್ಲಿ ದಿನಾ ದೀಪಾವಳಿ. ಇವರು ಹೋಳಿಗೆ ಮುರಿಯುತ್ತಾ, ಹೌದು ಕಣ್ರೀ, ನಿಮ್ಮೂರಲ್ಲಿ ಹಕ್ಕೀನೂ ಸಿಗ್ನಲ್‌ನಲ್ಲಿ ನಿಂತು ಹಾರ್ಬೇಕಲ್ಲ, ಬೆಳಕು ಬೇಕೇ ಬೇಕು, ಎಂದರು. ದಸರಾ ಆಯಿತು, ಕುಸ್ತಿ ಆಯಿತು, ಕ್ರಿಕೆಟ್ ಆಯಿತು, ಸಂಗೀತ ಯಾರ ಊರಿನದು, ದೋಸೆ ಯಾರ ಊರಿನದು ಎಲ್ಲ ಆಯಿತು. ಅಮ್ಮ ನನ್ನ ಕಿವಿಯಲ್ಲಿ, ಬೀಗರಲ್ಲ ಇವರು, ಎರಡು ಸಂಸ್ಥಾನ, ಎಂದಿದ್ದಳು. ಕೊನೆಗೆ ಇಬ್ಬರೂ ಕೈ ಮೇಲೆ ಕೈ ಹೊಡೆದದ್ದು ಪಾರಿವಾಳದ ಪಂದ್ಯಕ್ಕೆ.

ಎರಡು ಚಳಿಗಾಲದ ಹಿಂದೆ ಬಳ್ಳಾರಿಯ ಆಚೆಯಿಂದ ಎರಡೂ ಊರಿನ ಹಕ್ಕಿಗಳನ್ನು ಒಟ್ಟಿಗೆ ಬಿಟ್ಟಿರಿ. ನಮ್ಮ ಅಮ್ಮಣ್ಣಿಗೆ ಬೆಂಗಳೂರು ದಾಟಿ ಇನ್ನೂ ಅಷ್ಟು ದೂರ ಬರಬೇಕಿತ್ತು. ಗಿಡುಗನ ಏಟು ತಿಂದು ಅವಳು ಕೂತದ್ದು ನಿನ್ನ ತಾರಸಿಯ ಮೇಲೆ. ನಿಮ್ಮಲ್ಲಿ ಪದ್ಧತಿ ಇದೆ ನಿಜ, ಯಾರ ತಾರಸಿಗೆ ಕೂತಿತೋ ಹಕ್ಕಿ ಅವರದು. ಇವರು ಮೊದಲ ಬಸ್ಸು ಹಿಡಿದು ಬಂದು ನಿನ್ನ ಗೆಳೆಯರ ಮುಂದೆ ಹಕ್ಕಿಯನ್ನು ಕೇಳಿದರು. ನೀನು ನಗುತ್ತಾ, ಮೈಸೂರಿನೋರು ಎಷ್ಟೇ ಹಾರಿದ್ರೂ ಕೊನೆಗೆ ಬೆಂಗಳೂರಲ್ಲೇ ಇಳೀಬೇಕು ಭಾವ, ಎಂದೆ. ಎಲ್ಲರೂ ನಕ್ಕರು. ಇವರು ಖಾಲಿ ಬುಟ್ಟಿ ಹಿಡಿದುಕೊಂಡು ವಾಪಸ್ ಬಂದರು. ಅವತ್ತಿನಿಂದ ಮಾತಿಲ್ಲ. ಸಿಂಚನ ಹುಟ್ಟಿದಾಗ ಇವರು ಬೆಂಗಳೂರಿಗೆ ನೋಡಲು ಬಂದರಲ್ಲ, ಆವತ್ತೂ ನೀನು ತಾರಸಿಯಿಂದ ಕೆಳಗಿಳಿಯಲಿಲ್ಲ, ಇವರು ಮೇಲೆ ಹತ್ತಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಕೂತು ಇಬ್ಬರ ಹೆಜ್ಜೆ ಸದ್ದನ್ನೂ ಕೇಳಿಸಿಕೊಂಡವಳು ನಾನು.

ಬಾಣಂತನದ ಮೂರನೇ ತಿಂಗಳಲ್ಲಿ ನೀನು ಹೇಳಿದ ಒಂದು ಮಾತು ನನ್ನಲ್ಲೇ ಉಳಿದಿದೆ. ನಾನು ಬಿಸಿಲಿಗೆಂದು ತಾರಸಿಗೆ ಬಂದಾಗ ಅಮ್ಮಣ್ಣಿ ಜಾಲರಿಯ ಹಿಂದೆ ನಿನ್ನ ಮೇಯರ್ ಜೊತೆ ಕೂತಿದ್ದಳು. ಬೆಂಗಳೂರಿನಲ್ಲೇ ಅವನನ್ನು ಮೀರಿಸುವ ಗಂಡು ಹಕ್ಕಿ ಇಲ್ಲ ಎನ್ನುತ್ತಿದ್ದೆಯಲ್ಲ, ಅವನೇ. ಇವಳನ್ನು ಯಾವಾಗ ಬಿಡ್ತೀಯ ಎಂದು ಕೇಳಿದೆ. ನೀನು, ಮರಿ ಆಗ್ಲಿ ಕಣೇ ನಿಶ್ಚಿ, ಆಮೇಲೆ ಬಾಗ್ಲು ತೆಗೆದೇ ಇಡ್ತೀನಿ, ಎಲ್ಲಿಗೂ ಹೋಗಲ್ಲ, ಹೆಣ್ಣಿಗೆ ಮರಿ ಇದ್ದ ಕಡೆನೇ ಊರು, ಎಂದೆ. ನಾನು ಮಗುವನ್ನು ಎತ್ತಿಕೊಂಡು ಕೆಳಗಿಳಿದೆ. ನನ್ನ ಊರು ಯಾವುದು ಎಂದು ಅವತ್ತಿಡೀ ಯೋಚಿಸಿದೆ. ಇವರಿಗೆ ಅಮ್ಮಣ್ಣಿಯನ್ನು ನೋಡಿದ್ದನ್ನೂ ಹೇಳಲಿಲ್ಲ.

ನಿನ್ನೆ ನೀನು ಬಾಗಿಲು ತೆಗೆದಿದ್ದೀಯ. ಅಂದರೆ ಮರಿಗಳಾಗಿವೆ.

ಇದು ಊಹೆಯಲ್ಲ ಅಣ್ಣಾ. ಅವಳನ್ನು ಕೈಗೆತ್ತಿಕೊಂಡೆ. ಮೈ ಬಡಕಲಾಗಿದೆ, ಹೃದಯ ನನ್ನ ಬೆರಳಿಗೆ ಬಡಿಯುತ್ತಿತ್ತು, ಆದರೆ ಗಂಟಲ ಕೆಳಗಿನ ಚೀಲ ಉಬ್ಬಿ ಬಿಗಿದಿತ್ತು. ನೀರು ತೋರಿಸಿದೆ. ಕುಡಿಯುವ ಮೊದಲು ತಲೆ ಕೊಡವಿ ನನ್ನ ಅಂಗೈ ಮೇಲೆ ಬೆಳ್ಳಗೆ, ಒಡೆದ ಹಾಲಿನಂಥದ್ದನ್ನು ಕಕ್ಕಿದಳು. ಪಾರಿವಾಳಕ್ಕೆ ಗಂಟಲಲ್ಲಿ ಹಾಲು ಬರುತ್ತದೆ, ಗಂಡಿಗೂ ಬರುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಅದು ಬೆಚ್ಚಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೊಟ್ಟೆಯೊಡೆದು ಒಂದು ವಾರವೂ ಆಗದ ಮರಿಗಳಿದ್ದರೆ ಮಾತ್ರ ಅಷ್ಟು ಹಾಲು. ಅಣ್ಣನಿಗೆ ಬರೆಯುವ ಮಾತಲ್ಲ, ಆದರೂ ಬರೆಯುತ್ತೇನೆ: ಸಿಂಚನ ಒಂದು ಹೊತ್ತು ಕುಡಿಯದೆ ಮಲಗಿದರೆ ನನಗೆ ಎಂಥ ನೋವಾಗುತ್ತದೆ ಗೊತ್ತಾ? ಈ ಜೀವ ಆ ನೋವನ್ನು ಹೊತ್ತುಕೊಂಡೇ ರಾಮನಗರ, ಮದ್ದೂರು, ಮಂಡ್ಯ ದಾಟಿದೆ.

ಮರಿ ಬಿಟ್ಟು ಬಂದಳಲ್ಲ ಎಂದು ಒಂದು ಕ್ಷಣ ಸಿಟ್ಟೂ ಬಂತು. ಆಮೇಲೆ ಅವಳ ಕಣ್ಣು ನೋಡಿದೆ. ಅದರಲ್ಲಿ ತಪ್ಪೂ ಇರಲಿಲ್ಲ, ಗೆಲುವೂ ಇರಲಿಲ್ಲ. ಆಕಾಶ ತೆರೆದಾಗ ಮೈಯೊಳಗಿನದು ಯಾವುದೋ ಎಳೆದಿದೆ, ಬಂದಿದ್ದಾಳೆ. ಕತ್ತಲಾದ ಮೇಲೆ ಪಾರಿವಾಳ ಹಾರುವುದಿಲ್ಲ ಎನ್ನುತ್ತಾರೆ. ನಿನ್ನೆ ಭಾನುವಾರ. ಸಂಜೆ ಏಳಕ್ಕೆ ಅರಮನೆಯ ದೀಪ ಹೊತ್ತಿದಾಗ ಅವಳು ಶ್ರೀರಂಗಪಟ್ಟಣದ ಮೇಲೆಲ್ಲೋ ದಿಕ್ಕು ತಪ್ಪಿ ಸುತ್ತುತ್ತಿದ್ದಿರಬೇಕು, ಆ ಬೆಳಕು ಕಂಡು ಇಳಿದಿರಬೇಕು, ಯಾರದೋ ನೀರಿನ ಟ್ಯಾಂಕಿನ ಮೇಲೆ ಕೂತು ಚಂದ್ರ ಬರುವವರೆಗೆ ಕಾದಿರಬೇಕು. ನಾನು ಹಾಗೆಂದು ನಂಬಿದ್ದೇನೆ. ವಿಜ್ಞಾನ ಓದಿದವಳು ನಂಬಬಾರದು, ಆದರೂ.

ನೀನು ಸೋತೆ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಇವರು ಐದೂವರೆಗೆ ಏಳುತ್ತಾರೆ. ಮೇಟಗಳ್ಳಿಯ ಕಾರ್ಖಾನೆಗೆ ಹೊರಡುವ ಮೊದಲು ಗೂಡಿಗೆ ಹೋಗುವುದು ದಿನದ ಅಭ್ಯಾಸ. ನೋಡಿದ ಕ್ಷಣವೇ ವೀಡಿಯೊ ಮಾಡಿ ಪಾರಿವಾಳದವರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಆರಕ್ಕೆಲ್ಲ ಉದಯಗಿರಿಯಿಂದ ಹುಡುಗರು ಬಂದುಬಿಡುತ್ತಾರೆ. ತಂತಿ ಬಾಗಿಲಿಗೆ ಎರಡು ವರ್ಷದ ಮೇಲೆ ಹಲಗೆ ಬೀಳುತ್ತದೆ. ಆಮೇಲೆ ಮರಿಗಳ ಮಾತು ಯಾರ ಕಿವಿಗೂ ಹೋಗುವುದಿಲ್ಲ. ನಿನ್ನ ಹಟ, ಇವರ ಹಟ, ಊರಿನ ಹಟ. ನಡುವೆ ಕಣ್ಣು ಬಿಡದ ಎರಡು ಜೀವ.

ನಿನಗೆ ಫೋನ್ ಮಾಡಿದೆ, ಆಫ್ ಆಗಿದೆ. ಅಮ್ಮನ ಫೋನ್ ದೇವರ ಮನೆಯಲ್ಲಿ ಚಾರ್ಜಿಗಿರುತ್ತದೆ, ದೇವರಿಗೆ ಕೇಳಿಸಿತೇ ಹೊರತು ಅವಳಿಗೆ ಕೇಳಿಸಲಿಲ್ಲ. ಅದಕ್ಕೇ ಹಾಸ್ಟೆಲಿನಿಂದ ಬರೆಯುತ್ತಿದ್ದ ಹಾಗೆ ಕಾಗದದ ಮೇಲೆ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ನಾಲ್ಕೂವರೆಗೆ ಎದ್ದು ಹಕ್ಕಿಗೆ ನೀರಿಡುವ ಮೊದಲು ಫೋನ್ ಆನ್ ಮಾಡುವವನು ನೀನು. ಓದಿದ ತಕ್ಷಣ ಮೇಲೆ ಹೋಗು. ಮೇಯರ್ ಮರಿಗಳ ಮೇಲೆ ಕೂತಿದ್ದಾನಾ, ಗುಟುಕು ಕೊಡುತ್ತಿದ್ದಾನಾ, ಅದನ್ನೊಂದು ನೋಡಿ ಹೇಳು. ಅವನು ಸಾಕುತ್ತಿದ್ದರೆ ಅಮ್ಮಣ್ಣಿ ತನ್ನ ಖಾನೆಯಲ್ಲಿ ಇರಲಿ, ನಾನೇ ಇವರನ್ನು ಎಬ್ಬಿಸಿ ತೋರಿಸುತ್ತೇನೆ. ಇಲ್ಲದಿದ್ದರೆ ಅವಳನ್ನು ಬುಟ್ಟಿಯಲ್ಲಿಟ್ಟುಕೊಂಡು, ಸಿಂಚನಳನ್ನು ಎತ್ತಿಕೊಂಡು ಮೊದಲ ರೈಲಿಗೆ ಬಂದುಬಿಡುತ್ತೇನೆ. ಇವರು ಏನೆನ್ನುತ್ತಾರೋ ನೋಡೋಣ. ಫೋನಿನ ಸದ್ದು ತೆಗೆದು ಕೈಯಲ್ಲೇ ಹಿಡಿದು ಕೂತಿದ್ದೇನೆ. ಅದು ಅದುರಿದರೆ ಸಾಕು.

ನಿನ್ನ ತಂಗಿ,
ನಿಶ್ಚಿತಾ

ಮತ್ತೆ ಬರೆಯುತ್ತಿದ್ದೇನೆ: ಮೇಲಿನ ಹಾಳೆಗಳ ಫೋಟೊ ತೆಗೆಯುತ್ತಿದ್ದೆ, ತಂತಿ ಮತ್ತೆ ಟಿಣ್ ಎಂದಿತು. ಈ ಸಲ ಇವರಿಗೂ ಎಚ್ಚರವಾಯಿತು. ಇಬ್ಬರೂ ಓಡಿದೆವು. ಅಣ್ಣಾ, ಬಂದವನು ಮೇಯರ್. ನಿನ್ನ ಗೂಡಿನಲ್ಲಿ ಹುಟ್ಟಿದವನು, ಮೈಸೂರನ್ನು ಕಂಡೇ ಇರದವನು, ಅವಳ ಹಿಂದೆಯೇ ಬಂದಿದ್ದಾನೆ. ಎದೆಯ ಗರಿ ಕಿತ್ತುಹೋಗಿದೆ, ನಿಲ್ಲಲಾರದೆ ನಡುಗುತ್ತಿದ್ದ. ಅಮ್ಮಣ್ಣಿ ಒಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ನಾನು ಇವರ ಮುಖ ನೋಡಿದೆ. ಈಗ ಕೇಕೆ ಹಾಕುತ್ತಾರೆ, ಊರೆಲ್ಲ ಎಬ್ಬಿಸುತ್ತಾರೆ ಎಂದುಕೊಂಡೆ. ಹಾಗೇನೂ ಮಾಡಲಿಲ್ಲ. ಮೆಲ್ಲಗೆ ಬೆಳಕು ಹಿಡಿದು ಅಮ್ಮಣ್ಣಿಯ ಗಂಟಲು ಮುಟ್ಟಿದರು, ಮೇಯರ್‌ನ ಗಂಟಲು ಮುಟ್ಟಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇಬ್ರೂ ಇಲ್ಲೇ ಅವ್ರೆ. ಮರಿಗಳತ್ರ ಯಾರವ್ರೆ?"

ಯಾರೂ ಇಲ್ಲ ಅಣ್ಣಾ. ಈ ಚಳಿಯಲ್ಲಿ ಯಾರೂ ಇಲ್ಲ. ಮೇಯರ್ ಒಳಗಿದ್ದಾನೆಂದು ನೀನು ಗೂಡು ಮುಚ್ಚಿ ಮಲಗಿದ್ದೀಯ. ಇವರು ಅವತ್ತಿನ ಅದೇ ಬುಟ್ಟಿಯನ್ನು ಅಟ್ಟದಿಂದ ಇಳಿಸಿ ಹುಲ್ಲು ಹಾಸುತ್ತಿದ್ದಾರೆ. ರೈಲು ಬರುವವರೆಗೆ ಮರಿಗಳು ಉಳಿಯಬೇಕಾದರೆ ನೀನೇ ಅವನ್ನು ಎತ್ತಿ ಮಡಿಲಲ್ಲಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಹಿಟ್ಟನ್ನು ಎಷ್ಟು ನೀರಾಗಿ ಕಲಸಬೇಕು, ಹೇಗೆ ಗುಟುಕು ಹಾಕಬೇಕು ಎಂದು ಇವರು ಹೇಳಿಕೊಡುತ್ತಾರಂತೆ. ಫೋನ್ ಆನ್ ಮಾಡಿದಾಗ, ಎರಡು ವರ್ಷದ ಮೇಲೆ, ಇವರ ಹೆಸರಿನ ನಾಲ್ಕು ಮಿಸ್ಡ್ ಕಾಲ್ ಕಾಣುತ್ತವೆ. ಜಗಳಕ್ಕಲ್ಲ. ಹಟ ಮಾಡಬೇಡ, ಅವರ ನಂಬರಿಗೇ ಮಾಡು. ಬೆಳಗಾಗುವ ಮೊದಲು ಮಾಡು, ನಿರಂಜಣ್ಣ, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮೊದಲು.