ಅಕ್ಕ ಕೇಳಿದರೂ ಹೇಳಬೇಡ

ದೇವದುರ್ಗ
೧೧ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ವೆಂಕೋಬನಿಗೆ,

ಹೇಗಿದ್ದೀ? ಪುಣೆಯ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಕೂಡಿಸುವವನು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ನಾವೆಲ್ಲ ಆರಾಮ. ಈಗಿನ ಕಾಲದಲ್ಲಿ ಅಕ್ಕ ಕಾಗದ ಬರೆದಳಲ್ಲ ಎಂದು ನಗಬೇಡ. ಮೊಬೈಲ್ ಬಂದ್ ಮಾಡಿಕೊಂಡು ಕೂತವನಿಗೆ ಇನ್ನು ಹೇಗೆ ಹೇಳಲಿ? ನಮ್ಮ ಓಣಿಯ ಖಾಜಾಮಿಯಾ ನಾಳೆ ನಿಮ್ಮ ಸೈಟಿಗೇ ಕೆಲಸಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಮ್ಮ ಮಹಿಳಾ ಸಂಘದವರು ಪಿಂಚಣಿ, ರೇಷನ್ ಕಾರ್ಡ್ ಇಲ್ಲದವರನ್ನು ಹುಡುಕಿ ಅರ್ಜಿ ಹಾಕಿಸುವುದು ನಿನಗೆ ಗೊತ್ತೇ ಇದೆ. ರಾಯಚೂರಿನಲ್ಲಿ ಎರಡು ದಿನ ತರಬೇತಿ ಮುಗಿಸಿ ಬಂದಾಗಿನಿಂದ ನಾನು ಅರ್ಧ ತಹಶೀಲ್ದಾರಳಾಗಿದ್ದೇನೆ ಎಂದು ನಿಮ್ಮ ಭಾವ ಗೊಣಗುತ್ತಾರೆ. ಕಳೆದ ವಾರ ನಮ್ಮ ಓಣಿಯ ಪಾಳಿ ಬಂತು. ಮೊದಲ ಅರ್ಜಿ ಗೋಪಮ್ಮನದು. ಆಧಾರ್ ನಂಬರ್ ಒತ್ತಿದರೆ ಓಟಿಪಿ ನಿನ್ನ ಮೊಬೈಲಿಗೆ ಹೋಯಿತು. ಎರಡನೆಯವರದೂ ನಿನಗೇ. ಹೀಗೆ ಹನ್ನೊಂದು ಜನರದೂ ನಿನಗೇ. ಆಗ ನೆನಪಾಯಿತು. ಶಾಲೆಯಲ್ಲಿ ಆಧಾರ್ ಮಾಡಿದ ವರ್ಷ ಓಣಿಗೆಲ್ಲ ಮೊಬೈಲ್ ಇದ್ದವನು ನೀನೊಬ್ಬನೇ. "ನಂದ ನಂಬರ್ ಬರಕೋರಿ, ನಾ ಎಲ್ಲಿ ಹೋಗ್ತೀನಿ" ಎಂದು ಎಲ್ಲರಿಗೂ ನಿನ್ನ ನಂಬರನ್ನೇ ಬರೆಸಿದ ಪುಣ್ಯಾತ್ಮ ನೀನು. ಬರೆಸಿ ಪುಣೆಗೆ ಹೋದೆ.

ನಾನು ಫೋನ್ ಮಾಡಿ, ಬಂದಿರುವ ಆರು ಅಂಕಿ ಹೇಳಪ್ಪಾ ಎಂದರೆ ಏನಂದೆ? "ನಮ್ಮಕ್ಕನ ದನಿ ತಗದು ಮಾತಾಡಾಕತ್ತೀ ಏನಲೇ ಕಳ್ಳಾ? ನಮ್ಮಕ್ಕ ಇಷ್ಟು ಮೆತ್ತಗ ಮಾತಾಡಂಗಿಲ್ಲ." ಅಷ್ಟಂದು ಫೋನ್ ಇಟ್ಟು, ಮೊಬೈಲನ್ನೇ ಬಂದ್ ಮಾಡಿದೆ. ಸ್ಪೀಕರ್ ಹಾಕಿದ್ದರಿಂದ ಓಣಿಯೆಲ್ಲ ಕೇಳಿಸಿಕೊಂಡಿತು. ನಾಲ್ಕು ಜನರ ಎದುರು ಮರ್ಯಾದೆಯಿಂದ ಮಾತಾಡಿದ್ದೇ ನನಗೆ ಮುಳುವಾಯಿತು. ತಪ್ಪು ನನ್ನದೂ ಇದೆ ಬಿಡು. ದೀಪಾವಳಿಗೆ ಬಂದಾಗ ನಿನ್ನನ್ನು ಎದುರು ಕೂರಿಸಿಕೊಂಡು, "ಓಟಿಪಿ ಯಾರಿಗೂ ಹೇಳಬ್ಯಾಡ, ನಿಮ್ಮಕ್ಕ ಕೇಳಿದ್ರೂ ಹೇಳಬ್ಯಾಡ" ಎಂದು ಮೂರು ಸಲ ಬಾಯಿಪಾಠ ಮಾಡಿಸಿದವಳು ನಾನೇ. ಹತ್ತರ ಮಗ್ಗಿ ದಾಟದವನು ಇದನ್ನು ಮಾತ್ರ ಚಾಚೂ ತಪ್ಪದೆ ಕಲಿತಿದ್ದೀ.

ಹನ್ನೊಂದರಲ್ಲಿ ಹತ್ತು ಜನ ಮಷೀನಿಗೆ ಹೆಬ್ಬೆಟ್ಟು ಒತ್ತಿ ಕೆಲಸ ಮುಗಿಸಿಕೊಂಡರು. ಕೆಲಸ ಆಗದೆ ಉಳಿದವಳು ಅಮೀರ್ ಬೀ ಆಯಿ ಒಬ್ಬಳೇ. ಹತ್ತಿ, ಮೆಣಸಿನಕಾಯಿ ಬಿಡಿಸಿ ಬಿಡಿಸಿ ಅವಳ ಬೆರಳಿನ ಗೆರೆಗಳೇ ಸವೆದಿವೆ. ಮಷೀನು ಹತ್ತು ಬೆರಳನ್ನೂ ಒಲ್ಲೆ ಎಂದಿತು. ಅವಳ ವೃದ್ಧಾಪ್ಯ ವೇತನಕ್ಕೆ ಈಗ ನಿನ್ನ ಮೊಬೈಲೇ ದಿಕ್ಕು. ಶನಿವಾರ ಇಲ್ಲಿ ಕೊನೆಯ ದಿನ. ಸೋಮವಾರ ನಾವು ಲ್ಯಾಪ್‌ಟಾಪು, ಮಷೀನು ಕಟ್ಟಿಕೊಂಡು ಮಾನ್ವಿಗೆ ಹೋಗಬೇಕು. ಎಪ್ಪತ್ತು ದಾಟಿದವಳು ಇನ್ನೂ ಕೂಲಿಯವರ ಟಂಟಂ ಗಾಡಿ ಹತ್ತುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವ್ವ ಕೆಲಸಕ್ಕೆ ಹೋದಾಗ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸಿದವಳು ಅವಳು. ನೀನು ಫೋನ್ ಇಟ್ಟದ್ದಕ್ಕೆ ಅವಳಿಗೆ ಸಿಟ್ಟೂ ಇಲ್ಲ. "ಶಾಣ್ಯಾ ಆಗ್ಯಾನ ಬಿಡು ನಮ್ಮ ಹುಡುಗ" ಎಂದು ನಕ್ಕಳು.

ಇದೂ ಕಳ್ಳರ ಕಾಗದವೆಂದು ನಿನಗೆ ಅನ್ನಿಸಬಹುದು. ಗುರುತಿಗೆ ಒಂದು ಮಾತು. ಏಳನೇ ಇಯತ್ತೆ ನಪಾಸಾದ ದಿನ ನೀನು ಪಾಸಾದೆ ಎಂದು ಓಣಿಗೆಲ್ಲ ಸಕ್ಕರೆ ಹಂಚಿದ್ದೆ. ಈ ಸಂಗತಿ ಎಲ್ಲರಿಗೂ ಗೊತ್ತು, ಆದರೆ ಹೀಗೆ ಕಾಗದದಲ್ಲಿ ಬರೆದು ಕಳಿಸುವವಳು ನಾನೊಬ್ಬಳೇ.

ಮೈ ಕಡೆ ನೋಡಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಭಾವನವರು ಕೇಳಿದರೆಂದು ತಿಳಿ.

ಇಂತಿ, ಮೆತ್ತಗೆ ಮಾತಾಡದ ನಿನ್ನ ಅಕ್ಕ
ಶಶಿಕಲಾ

ತಾ.ಕ.: ಖಾಜಾಮಿಯಾ ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯ ಮಾತೇ ಉಳಿಯಿತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೊಬೈಲ್ ಆನ್ ಮಾಡಿಕೊಂಡು ಕೂತಿರು. ಓಟಿಪಿ ಹತ್ತೇ ನಿಮಿಷ ಇರುತ್ತದೆ. ನೀನು ನನ್ನ ದನಿ ನಂಬುವುದಿಲ್ಲವೆಂದು ಆಯಿ ತಾನೇ ಸಜ್ಜಿ ರೊಟ್ಟಿ ತಟ್ಟಿ, ಶೇಂಗಾ ಚಟ್ನಿ ಕುಟ್ಟಿ, ಗಂಟು ಕಟ್ಟಿ ಕೊಟ್ಟಿದ್ದಾಳೆ. "ಮಷೀನಿಗೆ ನನ್ನ ಕೈ ಗುರ್ತು ಸಿಗಲಿಲ್ಲ, ಅವಗ ಸಿಗ್ತದ" ಎಂದಳು. ತಿಂದು, ಕೈ ತೊಳೆದು, ಮೊಬೈಲ್ ಆನ್ ಮಾಡು.