ಖಾಲಿ ಎಂದಿದ್ದ ಮೋಡ

ಮಾರ್ಚ್ 4, ಬೆಳಿಗ್ಗೆ 10
ಮತ್ತೆ ಅದೇ ಮೋಡ, ನಕ್ಷತ್ರಗಳ ನಡುವಿನದು. ರೇಡಿಯೋ ದೂರದರ್ಶಕದ ನಲವತ್ತು ಗಂಟೆಯ ಡೇಟಾ. ಯಂತ್ರದ ನಾಯ್ಸ್ ಎಂಬ ಕಸ ತೆಗೆಯುವುದರಲ್ಲೇ ವಾರ ಹೋಯಿತು. ಒಳಗೆ ದಟ್ಟ ಧೂಳು, ಕೊರೆಯುವ ಚಳಿ. ಬೆಳಕು ಹೊರಬರುವುದಿಲ್ಲ. ಇಂಥ ಮೋಡಗಳು ತಮ್ಮ ಭಾರಕ್ಕೇ ಕುಸಿದಾಗಲೇ ನಕ್ಷತ್ರ ಹುಟ್ಟುವುದು. ಇದು ಮಾತ್ರ ಇನ್ನೂ ಖಾಲಿ, ಒಳಗೆ ನಕ್ಷತ್ರವಿಲ್ಲ. ಹಾಗೆಂದು ಇಪ್ಪತ್ತೆರಡು ವರ್ಷದ ಹಿಂದೆ ಬರೆದವರು ಮೇಷ್ಟ್ರು, ನನಗೆ ಈ ವಿದ್ಯೆ ಕಲಿಸಿದವರು. ಅವರ ಹೆಸರು ನಿಂತಿರುವುದೇ ಆ ಪೇಪರಿನ ಮೇಲೆ.

ಮಾರ್ಚ್ 6
ಖಾಲಿ ಅಲ್ಲ.
ನಡುವಿನಿಂದ ಎರಡು ದಿಕ್ಕಿಗೆ ಅನಿಲ ಚಿಮ್ಮುತ್ತಿದೆ. ಒಂದು ನಮ್ಮ ಕಡೆಗೆ, ಇನ್ನೊಂದು ಆಚೆಗೆ. ಒಳಗೆ ಎಳೆಯ ನಕ್ಷತ್ರವಿಲ್ಲದೆ ಹೀಗಾಗದು. ಮೂರು ಸಲ ಲೆಕ್ಕ ಹಾಕಿದೆ. ಅದೇ ಉತ್ತರ. ಹಾಗಾದರೆ ಮೇಷ್ಟ್ರ ಪೇಪರ್ ತಪ್ಪು.
ಪಕ್ಕದ ಟೇಬಲ್ಲಿನ ಎಂಜಿನಿಯರ್ ಇಣುಕಿದ. "ಬೆಕ್ಕಿಗೆ ಗಂಟೆ ಕಟ್ಟೋರ್ಯಾರು? ನನ್ನ ಕಡೆ ನೋಡ್ಬೇಡ, ನನಗೆ ಹೆಂಡ್ತಿ ಮಕ್ಕಳಿದ್ದಾರೆ."

ಮಾರ್ಚ್ 19
ಪೇಪರ್ ಬರೆಯಲಿಲ್ಲ. ಮೇಷ್ಟ್ರಿಗೆ ಹೇಳಲೂ ಇಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ, ಬೈದಳು. "ಊರೆಲ್ಲಾ ಸುದ್ದಿಯಾದ್ಮೇಲೆ ಅವರಿಗೆ ಗೊತ್ತಾಗ್ಬೇಕಾ? ಉಪ್ಪು ತಿಂದ ಮನೆ ಕಣೇ ಅದು."

ಮಾರ್ಚ್ 20, ಸಂಜೆ 6
ಹೋಗಿಬಂದೆ. ಮೇಷ್ಟ್ರು ಕಿಟಕಿಯ ಬಳಿ ಭೂತಗನ್ನಡಿ ಹಿಡಿದು ಓದುತ್ತಿದ್ದರು. ಗ್ರಾಫ್ ಕೈಗಿಟ್ಟೆ. ಗೆರೆ ಮೇಲೆದ್ದ ಕಡೆ ಭೂತಗನ್ನಡಿ ಇಟ್ಟರು, ಚಿಮ್ಮುವ ಅನಿಲದ ಗುರುತು ಅದು.
"ಈ ಉಬ್ಬು... ಆಗ್ಲೂ ಇತ್ತಮ್ಮ."
"ಏನ್ ಸಾರ್?"
"ಸಣ್ಣದಾಗಿ. ಯಂತ್ರದ ನಾಯ್ಸ್ ಅಂತ ತೆಗೆದುಹಾಕ್ದೆ. ಬಿಟ್ಟಿದ್ರೆ ಪೇಪರ್ ನಿಲ್ತಿರ್ಲಿಲ್ಲ."
ಸಮಾಧಾನಕ್ಕೆ ಅಂದೆ — "ಅದನ್ನ ಬರೆಯಲ್ಲ ಸಾರ್. ಹಳೇ ಯಂತ್ರಕ್ಕೆ ಅಷ್ಟು ಶಕ್ತಿ ಇರ್ಲಿಲ್ಲ ಅಂತಷ್ಟೇ..."
"ಸುಳ್ಳಿಗೆ ಬಣ್ಣ ಬಳಿಯೋದನ್ನ ನಾನು ನಿನಗೆ ಕಲಿಸಿಲ್ಲ."
ಎದ್ದು ಒಳಗೆ ಹೋದರು. ತುಂಬ ಹೊತ್ತಾದರೂ ಬರಲಿಲ್ಲ. ಹೊರಟುಬಿಡಲೇ ಅಂದುಕೊಂಡೆ. ಆಗ ಹಳೆಯ ನೋಟ್‌ಬುಕ್ಕು ತಂದು ಕೈಯಲ್ಲಿಟ್ಟರು. "ಪುಟ ಎಂಬತ್ತೊಂದು. ಹೇಗಿದೆಯೋ ಹಾಗೇ ನಿನ್ನ ಪೇಪರಿಗೆ ಹಾಕು."

ಮಾರ್ಚ್ 21
ಉಬ್ಬಿನ ಸುತ್ತ ಪೆನ್ಸಿಲ್ ಗೀಟು, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಅಳಿಸಿದ್ದಾರೆ. ಮತ್ತೆ ಬರೆದಿದ್ದಾರೆ. ಮತ್ತೆ ಅಳಿಸಿದ್ದಾರೆ.
ಹಾಗಾದರೆ ಮೊದಲು ಕಂಡವರು ಅವರೇ. ಪೇಪರಿಗೆ ಅವರ ಹೆಸರೂ ಸೇರಿಸಲೇ ಎಂದು ಕೇಳಲು ಫೋನ್ ಮಾಡಿದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.
"ಅಮ್ಮ, ಆ ನಕ್ಷತ್ರಕ್ಕೆ ವಯಸ್ಸೆಷ್ಟು?"
"ಹತ್ತು ಸಾವಿರ ವರ್ಷ ಇರ್ಬಹುದು ಸಾರ್. ತೀರಾ ಎಳೇದು."
"ಅಬ್ಬಾ. ಹಾಗಿದ್ರೆ ನಾನು ಅಳಿಸಿದ್ದರಿಂದ ಅದಕ್ಕೇನೂ ಆಗ್ಲಿಲ್ಲ."
ನಕ್ಕರು. ನಕ್ಕರೆಂದೇ ಅಂದುಕೊಂಡೆ. ಆಮೇಲೆ ಆ ಕಡೆಯಿಂದ ಮೂಗು ಸೀಟುವ ಸದ್ದು, ನಾನು ಹೆಸರಿನ ಮಾತನ್ನು ನಾಳೆಗಿಟ್ಟು, ಪುಟ ಎಂಬತ್ತೊಂದನ್ನು ಹೇಗಿತ್ತೋ ಹಾಗೇ ಪೇಪರಿಗೆ ಹಾಕಿದೆ.